ಐದು ತೋಟಾ, ಒಂದು ಮರದ ತುಂಡು

1902ರ ಜನವರಿ 8. ಜಾನ್ ಮೋಸೆಸ್ ಬ್ರೌನಿಂಗ್ ಎಂಬ ಕೋವಿ ಕಸುಬುದಾರ ತಾನು ರೂಪಿಸಿದ ಹೊಸ ಕೋವಿಯ ಮಾತುಕತೆಗೆಂದು ಅಮೆರಿಕದ ರೆಮಿಂಗ್ಟನ್ ಕಂಪನಿಗೆ ಹೋಗಿ, ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಗಾಗಿ ಕಾದು ಕೂತಿದ್ದ. ಹಾರ್ಟ್ಲಿ ಬರಲಿಲ್ಲ, ಹೃದಯಾಘಾತದಿಂದ ಅವರು ತೀರಿಕೊಂಡ ಸುದ್ದಿ ಬಂತು.

ಬ್ರೌನಿಂಗ್ ಅಲ್ಲಿಗೆ ಹೋದದ್ದು ಹಳೆಯ ಗಿರಾಕಿಯೊಂದಿಗೆ ಮುನಿದು. ಯೂಟಾದ ಆಗ್ಡೆನ್ ಊರಿನ ಅವನಿಗೆ ಈ ಕಸುಬು ಅಪ್ಪನಿಂದ ಬಂದದ್ದು. 1883ರಿಂದ ವಿಂಚೆಸ್ಟರ್ ಕಂಪನಿ ಅವನ ವಿನ್ಯಾಸಗಳನ್ನು ಇಡಿಗಂಟು ಕೊಟ್ಟು ಕೊಳ್ಳುತ್ತಿತ್ತು. ಆಮೇಲೆ ಎಷ್ಟೇ ಮಾರಿದರೂ ಲಾಭವೆಲ್ಲ ಕಂಪನಿಯದು. ಈ ಸಲ ಅವನು ಮಾರಾಟವಾಗುವ ಪ್ರತಿ ಕೋವಿಗೂ ರಾಯಧನ ಕೇಳಿದ. ವಿಂಚೆಸ್ಟರ್ ಒಪ್ಪಲಿಲ್ಲ.

ಹಾಗೆ ಹಟ ಹಿಡಿಯಲು ಕಾರಣವಿತ್ತು. ಜೋಡುನಳಿಗೆ ಕೋವಿಯಲ್ಲಿ ಎರಡೇ ಈಡು. ಪಂಪ್ ಕೋವಿಯಾದರೆ ಪ್ರತಿ ಈಡಿಗೂ ಕೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಭುಜಕ್ಕೆ ಬೀಳುವ ಒದೆತವನ್ನೇ ಬ್ರೌನಿಂಗ್ ಆ ಕೆಲಸಕ್ಕೆ ಹಚ್ಚಿದ. ಈಡು ಹಾರಿದೊಡನೆ ನಳಿಗೆಯೂ ಬೋಲ್ಟೂ ಒಟ್ಟಿಗೆ ಹಿಂದೆ ಜಾರುತ್ತವೆ. ನಳಿಗೆ ಮೊದಲು ಮುಂದಕ್ಕೆ ಮರಳುವಾಗ ಖಾಲಿ ತೋಟಾ ಹೊರಬೀಳುತ್ತದೆ. ಹಿಂದೆಯೇ ಬರುವ ಬೋಲ್ಟ್ ಹೊಸದನ್ನು ಒಳಗೆ ತಳ್ಳುತ್ತದೆ. ಆದರೂ ಟ್ರಿಗರ್ ಎಳೆದ ಪ್ರತಿ ಸಲಕ್ಕೆ ಒಂದೇ ಈಡು. ಅದಕ್ಕೇ ಇದು ಅರೆ-ಸ್ವಯಂಚಾಲಿತ. ನಳಿಗೆಯಲ್ಲಿ ಒಂದು, ಕೆಳಗಿನ ಕೊಳವೆಯಲ್ಲಿ ನಾಲ್ಕು, ಒಟ್ಟು ಐದು ತೋಟಾ. ಮುಂದೆ ಅದಕ್ಕೆ ಆಟೋ-5 ಎಂಬ ಹೆಸರೇ ನಿಂತಿತು.

ಅಮೆರಿಕದಲ್ಲಿ ಬಾಗಿಲು ಮುಚ್ಚಿದಾಗ ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೋದ. ಹರ್ಸ್ಟಾಲ್‌ನ ಎಫ್‌ಎನ್ ಕಾರ್ಖಾನೆ ರಾಯಧನಕ್ಕೆ ಒಪ್ಪಿತು. 10,000 ಕೋವಿಗಳಿಗೆ ಮೊದಲ ಬೇಡಿಕೆ ಇಟ್ಟವನೂ ಅವನೇ. 1905ರಿಂದ ರೆಮಿಂಗ್ಟನ್ ಕೂಡ ಪರವಾನಗಿ ಪಡೆದು ಇದನ್ನು ತಯಾರಿಸತೊಡಗಿತು. ವಿಂಚೆಸ್ಟರ್ 1911ರಲ್ಲಿ ತನ್ನದೇ ಕೋವಿ ತಂದಿತು. ಬ್ರೌನಿಂಗ್‌ನ ಪೇಟೆಂಟ್ ತಪ್ಪಿಸಲು ಬೋಲ್ಟ್‌ನ ಹಿಡಿಕೆಯನ್ನೇ ಕೈಬಿಟ್ಟಿದ್ದರಿಂದ ನಳಿಗೆಯನ್ನು ಹಿಡಿದು ಹಿಂದಕ್ಕೆ ಒತ್ತಬೇಕಿತ್ತು. ತೋಟಾ ಸಿಕ್ಕಿಕೊಂಡಾಗ ಕೆಲವರು ಹಿಡಿಯನ್ನು ನೆಲಕ್ಕೂರಿ ನಳಿಗೆ ಒತ್ತಿ ಅಪಾಯಕ್ಕೆ ಸಿಲುಕಿದರು. ಅದಕ್ಕೆ ‘ಹೆಂಡಿರನ್ನು ವಿಧವೆ ಮಾಡುವ ಕೋವಿ’ ಎಂಬ ಅಡ್ಡಹೆಸರು ಬಿತ್ತು.

ಇಷ್ಟೆಲ್ಲ ಲೆಕ್ಕಾಚಾರದಲ್ಲಿ ಹಕ್ಕಿಗಳ ಪಾಲನ್ನು ಕೇಳಿದವರು ಕಡಿಮೆ. ಕೇಳಿದವರಲ್ಲಿ ವಿಲಿಯಂ ಹಾರ್ನಡೆ ಒಬ್ಬರು. 1913ರ ತಮ್ಮ ಪುಸ್ತಕದಲ್ಲಿ ಅವರು ಇಂಥ ಕೋವಿಗಳ ವಿರುದ್ಧ ಕಟುವಾಗಿ ಬರೆದರು. ಮರುವರ್ಷ, 1914ರ ಸೆಪ್ಟೆಂಬರ್ 1ರಂದು, ಸಿನ್ಸಿನಾಟಿಯ ಮೃಗಾಲಯದಲ್ಲಿ ಮಾರ್ಥಾ ಸತ್ತಿತು. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಅದೇ ಕೊನೆಯದು. ಆ ಸಂತತಿಯನ್ನು ಮುಗಿಸಿದ್ದು ಈ ಕೋವಿಯಲ್ಲ. ಹಳೆಯ ಕೋವಿ, ಬಲೆಗಳೇ ಅದಕ್ಕೆ ಸಾಕಾಗಿದ್ದವು. ಅವುಗಳಿಗಿಂತ ಚುರುಕಾದದ್ದು ಬಂದರೆ ಬಾತುಗಳ ಗತಿಯೇನು ಎಂಬ ಭಯ ಹುಟ್ಟಿದ್ದು ಸಹಜ.

ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನಲ್ಲೇ ತೀರಿಕೊಂಡ. ಅವನು ಹೋಗಿ ಒಂಬತ್ತು ವರ್ಷಕ್ಕೆ, 1935ರಲ್ಲಿ, ಅಮೆರಿಕ ಸರ್ಕಾರ ನಿಯಮ ತಂದಿತು: ವಲಸೆ ಹಕ್ಕಿಗಳ ಬೇಟೆಯಲ್ಲಿ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಇರಕೂಡದು. ಪಾಲಿಸುವ ದಾರಿ ಸುಲಭವಾಗಿತ್ತು. ತೋಟಾ ತುಂಬುವ ಕೊಳವೆಯೊಳಗೆ ಒಂದು ಮರದ ತುಂಡು ಸೇರಿಸಿದರೆ ಎರಡು ತೋಟಾಗಳ ಜಾಗ ಹೋಗುತ್ತದೆ. ನಿಯಮ ಬಹುಪಾಲು ಇಂದಿಗೂ ಉಳಿದಿದೆ. ಕಸುಬುದಾರ ತನ್ನ ಪಾಲಿಗಾಗಿ ಸಮುದ್ರ ದಾಟಿದ. ಹಕ್ಕಿಯ ಪಾಲಿಗೆ ಬಂದದ್ದು ಆ ಎರಡು ತೋಟಾಗಳ ಜಾಗ.