ನಳಿಕೆಯ ಮೇಲಿನ ಮುದ್ರೆ

ಹಳೆಯ ಪಿಸ್ತೂಲು ಸಿಡಿಸಲು ಯೋಗ್ಯವೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಮೊದಲ ಸಾಕ್ಷಿ ನಳಿಕೆಯ ಮೇಲೆ ಒತ್ತಿದ ಪರೀಕ್ಷಾ ಮುದ್ರೆ. 1637ರಲ್ಲಿ ರಾಜಸನ್ನದು ಪಡೆದ ಲಂಡನ್ನಿನ ಬಂದೂಕು ತಯಾರಕರ ಸಂಘವೂ 1813ರ ಕಾಯ್ದೆಯಿಂದ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವೂ ನಳಿಕೆಗೆ ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಸಿಡಿಸಿ, ಬಿರಿಯದೆ ಉಬ್ಬದೆ ಉಳಿದವುಗಳಿಗೆ ಮಾತ್ರ ಮುದ್ರೆ ಒತ್ತುತ್ತಿದ್ದವು. ಆದರೆ ಆ ಮುದ್ರೆ ಸಾರುವುದು ಪರೀಕ್ಷೆಯ ದಿನದ ಸ್ಥಿತಿಯನ್ನಷ್ಟೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆತ ಕರಿಮದ್ದಿನ ಮಸಿ ತೇವ ಹೀರಿ ನಳಿಕೆಯನ್ನು ಒಳಗಿನಿಂದ ತಿನ್ನುವುದರಿಂದ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಕೆಗಳ ಬೆಸುಗೆಗಳಲ್ಲಿ ತುಕ್ಕು ಕಣ್ಣಿಗೆ ಬೀಳದಂತೆ ಇಳಿದಿರಬಹುದು (ಹೊರಗಿನ ಚಿತ್ತಾರಕ್ಕೆ ಮರುಳಾದ ಸಂಗ್ರಾಹಕರು ಇದನ್ನು ಮರೆಯುವುದೇ ಹೆಚ್ಚು). ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಳಕೆಗೆ ಬಂದ ಹೊಗೆರಹಿತ ಮದ್ದು ಇನ್ನೂ ಹೆಚ್ಚಿನ ಒತ್ತಡ ಹುಟ್ಟಿಸುತ್ತಿದ್ದುದರಿಂದ ಅದಕ್ಕೆ ಪ್ರತ್ಯೇಕ ಪರೀಕ್ಷೆಯೂ ಪ್ರತ್ಯೇಕ ಮುದ್ರೆಯೂ ಬೇಕಾದವು. ಕರಿಮದ್ದಿನ ಮುದ್ರೆಯಷ್ಟೇ ಇರುವ ಪಿಸ್ತೂಲು ಹೊಗೆರಹಿತ ಮದ್ದಿಗೆ ತಕ್ಕುದಲ್ಲ.