ಬಾದಾಮಿಯ ಶಿಲಾರೋಹಣ

ಬಾಗಲಕೋಟೆ ಜಿಲ್ಲೆಯ ಬಾದಾಮಿ ಪಟ್ಟಣವನ್ನು ಸುತ್ತುವರಿದ ಕೆಂಪು ಮರಳುಗಲ್ಲಿನ ಕಡಿಬಂಡೆಗಳನ್ನು ಹಗ್ಗದ ರಕ್ಷಣೆಯಲ್ಲಿ, ಕೈಕಾಲುಗಳ ಬಲದಿಂದ ಏರುವ ಸಾಹಸಕ್ರೀಡೆ. ಪರ್ವತಾರೋಹಣದ ಒಂದು ಅಂಗವಾಗಿ ಹುಟ್ಟಿ ಅನಂತರ ಸ್ವತಂತ್ರ ಕ್ರೀಡೆಯಾಗಿ ಬೆಳೆದ ಶಿಲಾರೋಹಣಕ್ಕೆ ಭಾರತದಲ್ಲಿರುವ ಮುಖ್ಯ ತಾಣಗಳಲ್ಲಿ ಬಾದಾಮಿ ಒಂದು. ಕರ್ನಾಟಕದಲ್ಲಿ ಹಿಮ ಹೊದ್ದ ಶಿಖರಗಳಿಲ್ಲ. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ ಸುಮಾರು 1,930 ಮೀ. ಬಾದಾಮಿಯ ಗುಡ್ಡಗಳಂತೂ ಅದಕ್ಕಿಂತ ಬಹಳ ತಗ್ಗು, ಅಲ್ಲಿನ ಏರುದಾರಿಗಳು ಬಹುಪಾಲು ಒಂದು ಹಗ್ಗದ ಉದ್ದದೊಳಗೇ ಮುಗಿಯುತ್ತವೆ. ಹೀಗಾಗಿ ಇಲ್ಲಿ ಆರೋಹಿಯ ಕಸುವನ್ನು ಒರೆಗೆ ಹಚ್ಚುವುದು ಎತ್ತರವಲ್ಲ. ನೆಟ್ಟಗೆ ನಿಂತ ಬಂಡೆ, ಅದರ ಮುಂಚಾಚು ಮತ್ತು ಬೆರಳಿಗೆ ಸಿಗುವ ಹಿಡಿತಗಳ ಸಣ್ಣತನ.

ಬಂಡೆಯ ಸ್ವರೂಪ: ಬಾದಾಮಿಯ ಗುಡ್ಡಗಳು ಭೂವಿಜ್ಞಾನಿಗಳು ಕಲಾದಗಿ ಜಲಾನಯನವೆಂದು ಕರೆಯುವ ಪ್ರಾಚೀನ ಜಲಜಶಿಲಾ ಪ್ರದೇಶಕ್ಕೆ ಸೇರಿವೆ. ಈ ಪ್ರದೇಶದ ಶಿಲೆಗಳನ್ನು ರಾಬರ್ಟ್ ಬ್ರೂಸ್ ಫುಟ್ 1876ರಲ್ಲಿ ಪ್ರಕಟವಾದ ದಕ್ಷಿಣ ಮರಾಠಾ ಸೀಮೆಯ ಭೂವೈಜ್ಞಾನಿಕ ವರದಿಯಲ್ಲಿ ವಿವರವಾಗಿ ವರ್ಣಿಸಿದ. ಕೆಳಗಿನ ಬಾಗಲಕೋಟೆ ಗುಂಪಿನ ಪದರಗಳು ಭೂಚಲನೆಗೆ ಸಿಕ್ಕಿ ಮಡಿಚಿ ಓರೆಯಾಗಿದ್ದರೆ, ಅವುಗಳ ಮೇಲೆ ಬಹುಕಾಲದ ಅನಂತರ ಸಂಚಯವಾದ ಬಾದಾಮಿ ಗುಂಪಿನ ಮರಳುಗಲ್ಲಿನ ಪದರಗಳು ಹೆಚ್ಚುಕಡಿಮೆ ಅಡ್ಡವಾಗಿಯೇ ಉಳಿದಿವೆ. ಪದರಗಳ ನಡುವಿನ ಮೆದುಭಾಗ ಗಾಳಿಮಳೆಗೆ ಸವೆದುದರಿಂದ ಬಂಡೆಯ ಮೈಮೇಲೆ ಅಡ್ಡ ಸೀಳುಗಳು, ತೆಳು ಅಂಚುಗಳು, ಬೆರಳು ಹೋಗುವಷ್ಟು ಗೂಡುಗಳು ಮೂಡಿವೆ. ಲಂಬ ಬಿರುಕುಗಳಲ್ಲಿ ಬಂಡೆ ಕಳಚಿ ಬಿದ್ದ ಕಡೆ ನೇರ ಗೋಡೆಗಳೂ ಇಕ್ಕಟ್ಟಾದ ಕಣಿವೆಗಳೂ ಉಂಟಾಗಿವೆ. ಹಂಪಿ, ರಾಮನಗರ ಮತ್ತು ಸಾವನದುರ್ಗಗಳ ಕಣಶಿಲೆಯ ಗುಂಡುಬಂಡೆಗಳ ಮೇಲೆ ಆರೋಹಿ ಪಾದದ ಘರ್ಷಣೆಯನ್ನು ನೆಚ್ಚಿ ಏರಬೇಕಾದರೆ, ಬಾದಾಮಿಯಲ್ಲಿ ಸೀಳಿನಿಂದ ಸೀಳಿಗೆ ಕೈ ಚಾಚಿ ಏರಬೇಕಾಗುತ್ತದೆ. ಬಂಡೆಯ ಕೆಂಪು ಬಣ್ಣಕ್ಕೆ ಕಾರಣ ಅದರಲ್ಲಿರುವ ಕಬ್ಬಿಣದ ಆಕ್ಸೈಡ್.

ಕೋಟೆಯ ಕಾಲ: ಈ ಬಂಡೆಗಳ ಲಿಖಿತ ಇತಿಹಾಸ ಆರಂಭವಾಗುವುದು ಅವನ್ನು ಯಾರೂ ಏರಲಾಗದಂತೆ ಮಾಡುವ ಉದ್ದೇಶದಿಂದ. ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ವಾತಾಪಿಯ (ಬಾದಾಮಿಯ ಹಳೆಯ ಹೆಸರು) ಗುಡ್ಡವನ್ನು ಮೇಲಿನಿಂದಲೂ ಕೆಳಗಿನಿಂದಲೂ ಶತ್ರುಗಳಿಗೆ ದುರ್ಗಮವಾದ ಕೋಟೆಯನ್ನಾಗಿ ಮಾಡಿದನೆಂದು ಶಕವರ್ಷ 465ರ (ಕ್ರಿ.ಶ. 543) ಬಂಡೆಗಲ್ಲಿನ ಶಾಸನ ತಿಳಿಸುತ್ತದೆ. ಅದೇ ಶಿಲೆಯಲ್ಲಿ ಗುಹಾಲಯಗಳನ್ನು ಕೊರೆಯಲಾಯಿತು. ಮೂರನೆಯ ಗುಹೆಯಲ್ಲಿರುವ ಚಾಲುಕ್ಯ ಮಂಗಳೇಶನ ಶಾಸನದ ವರ್ಷ ಕ್ರಿ.ಶ. 578. ತಟ್ಟುಕೋಟೆಯ ಬಳಿಯ ಕಡಿಬಂಡೆಯ ಮೇಲೆ ಕೆತ್ತಿರುವ ಕಪ್ಪೆ ಅರಭಟ್ಟನ ಶಾಸನ ಕನ್ನಡ ತ್ರಿಪದಿಯ ಅತ್ಯಂತ ಹಳೆಯ ನಿದರ್ಶನವೆಂದು ಪ್ರಸಿದ್ಧವಾಗಿದೆ. ಅಗಸ್ತ್ಯತೀರ್ಥ ಕೆರೆಯ ಉತ್ತರಕ್ಕಿರುವ ಬಾವನಬಂಡೆ ಕೋಟೆ, ದಕ್ಷಿಣಕ್ಕಿರುವ ರಣಮಂಡಲ ಕೋಟೆ ಇವೆರಡರಲ್ಲೂ ಸಹಜವಾದ ಬಂಡೆಯೇ ಗೋಡೆಯ ಮುಖ್ಯ ಭಾಗ. ಕಟ್ಟಿದ ಗೋಡೆ ಬಂಡೆ ಬಿರಿದಿರುವ ಎಡೆಗಳನ್ನು ಮುಚ್ಚುತ್ತದೆ, ಮೇಲಕ್ಕೆ ಹೋಗುವ ಮೆಟ್ಟಿಲುಗಳು ಕೆಲವರೇ ನಿಂತು ಕಾಯಬಹುದಾದ ಕಿರಿದಾದ ಸೀಳುಗಳಲ್ಲಿ ಸಾಗುತ್ತವೆ.

ಟಿಪ್ಪು ಸುಲ್ತಾನನ ಅಧೀನದಲ್ಲಿದ್ದ ಬಾದಾಮಿಯನ್ನು ಮರಾಠರ ಮತ್ತು ನಿಜಾಮನ ಸೇನೆಗಳು 1786ರ ಮೇ ತಿಂಗಳಲ್ಲಿ ಮುತ್ತಿ ಹಿಡಿದುಕೊಂಡವು. ಅದೇ ವರ್ಷದ ಆಗಸ್ಟ್ 8ರಂದು ಯುರೋಪಿನಲ್ಲಿ ಜಾಕ್ ಬಲ್ಮಾ ಮತ್ತು ವೈದ್ಯ ಮಿಶೆಲ್ ಪಕ್ಕಾರ್ ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರವನ್ನು ಏರಿದರು. ಆಧುನಿಕ ಪರ್ವತಾರೋಹಣದ ಚರಿತ್ರೆಯನ್ನು ಸಾಮಾನ್ಯವಾಗಿ ಈ ಆರೋಹಣದಿಂದ ಆರಂಭಿಸುವುದುಂಟು. ಏರುವುದನ್ನು ಯುದ್ಧದ ಕೆಲಸವೆಂದು ತಿಳಿದಿದ್ದ ಬಾದಾಮಿಗೆ ಅದನ್ನು ಆಟವಾಗಿ ಕಾಣುವ ದೃಷ್ಟಿ ಬಂದುದು ಸುಮಾರು ಎರಡು ಶತಮಾನಗಳ ಅನಂತರ.

ಕ್ರೀಡೆಯಾಗಿ ಬೆಳವಣಿಗೆ: ಶಿಖರಕ್ಕೆ ಹೋಗುವ ಉದ್ದೇಶವಿಲ್ಲದೆ ಬಂಡೆಗಾಗಿಯೇ ಬಂಡೆಯನ್ನು ಏರುವ ಪದ್ಧತಿ ಯುರೋಪಿನಲ್ಲಿ 19ನೆಯ ಶತಮಾನದಲ್ಲಿ ರೂಢಿಗೆ ಬಂತು. ಜರ್ಮನಿಯ ಸ್ಯಾಕ್ಸನಿಯ ಮರಳುಗಲ್ಲಿನ ಕಂಬವಾದ ಫಾಲ್ಕನ್‌ಸ್ಟೈನನ್ನು 1864ರಲ್ಲಿಯೂ ಇಂಗ್ಲೆಂಡಿನ ನೇಪ್ಸ್ ನೀಡಲ್ ಬಂಡೆಯನ್ನು 1886ರಲ್ಲಿಯೂ ಏರಿದುದು ಇದರ ಮೊದಲ ಘಟ್ಟಗಳು. ಭಾರತಕ್ಕೆ ಈ ವಿದ್ಯೆ ಬಂದುದು ಹಿಮಾಲಯದ ದಾರಿಯಾಗಿ. 1953ರ ಮೇ 29ರಂದು ತೇನ್ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟ್ ಏರಿದ ಮರುವರ್ಷ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪನೆಯಾಯಿತು. 1965ರಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಈ ಸಂಸ್ಥೆಗಳಲ್ಲಿ ಬಂಡೆ ಏರುವುದು ಹಿಮಶಿಖರಕ್ಕೆ ಸಿದ್ಧರಾಗುವ ಅಭ್ಯಾಸವಾಗಿತ್ತು. ಕರ್ನಾಟಕದಲ್ಲಿ ಬೆಂಗಳೂರಿನ ಸಾಹಸಾಸಕ್ತರು ರಾಮನಗರ, ಸಾವನದುರ್ಗ, ತುರಹಳ್ಳಿಗಳ ಕಣಶಿಲೆಯ ಮೇಲೆ ಕಲಿತು, 20ನೆಯ ಶತಮಾನದ ಕೊನೆಯ ಹೊತ್ತಿಗೆ ಬಾದಾಮಿಯತ್ತಲೂ ಬರತೊಡಗಿದರು.

ಈ ನಡುವೆ, 1980ರ ದಶಕದಲ್ಲಿ, ಫ್ರಾನ್ಸಿನಲ್ಲಿ ಶಿಲಾರೋಹಣದ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಆರೋಹಿಗಳು ಬಿರುಕುಗಳಲ್ಲಿ ಲೋಹದ ಬೆಣೆಗಳನ್ನು ತಾತ್ಕಾಲಿಕವಾಗಿ ಸಿಕ್ಕಿಸಿ ಅವುಗಳಿಗೆ ಹಗ್ಗ ಹಾಯಿಸುತ್ತಿದ್ದರು. ಹೊಸ ಪದ್ಧತಿಯಲ್ಲಿ ಬಂಡೆಯನ್ನು ಕೊರೆದು ಬೋಲ್ಟ್‌ಗಳನ್ನು ಶಾಶ್ವತವಾಗಿ ಕೂರಿಸಿ ಏರುದಾರಿಯನ್ನು ಮೊದಲೇ ಸಿದ್ಧಪಡಿಸಲಾಗುತ್ತದೆ. ಸ್ಪೋರ್ಟ್ ಕ್ಲೈಂಬಿಂಗ್ ಎಂದು ಹೆಸರಾದ ಈ ಪದ್ಧತಿಯಲ್ಲಿ ಬೀಳುವ ಭಯ ತಗ್ಗಿದುದರಿಂದ, ಬಿರುಕುಗಳೇ ಇಲ್ಲದ ಕಠಿಣ ಗೋಡೆಗಳನ್ನೂ ಏರಲು ಸಾಧ್ಯವಾಯಿತು. 21ನೆಯ ಶತಮಾನದ ಮೊದಲ ದಶಕಗಳಲ್ಲಿ ವಿದೇಶಿ ಆರೋಹಿಗಳೂ ಭಾರತೀಯ ಆರೋಹಿಗಳೂ ಬಾದಾಮಿಯಲ್ಲಿ ಇಂಥ ಏರುದಾರಿಗಳನ್ನು ರಚಿಸಿದರು. ಬೋಲ್ಟ್ಸ್ ಫಾರ್ ಬೆಂಗಳೂರು ಎಂಬ ಯೋಜನೆಯ ಮೂಲಕ ಆಸ್ಟ್ರಿಯದ ಗೆರ್ಹಾರ್ಡ್ ಶಾರ್ ಈ ಕೆಲಸದಲ್ಲಿ ಪ್ರಮುಖ ಪಾತ್ರ ವಹಿಸಿದರು. ಕ್ರಿಸ್ ಶರ್ಮಾ ಮೊದಲಾದವರಿರುವ ಪಿಲ್ಗ್ರಿಮೇಜ್ (2003) ಎಂಬ ಸಾಕ್ಷ್ಯಚಿತ್ರ ಹಂಪಿಯನ್ನು ಹಗ್ಗವಿಲ್ಲದೆ ಗುಂಡುಬಂಡೆ ಏರುವ ಬೌಲ್ಡರಿಂಗಿನ ಜಾಗತಿಕ ನಕ್ಷೆಯಲ್ಲಿ ಸೇರಿಸಿತು. ಹಗ್ಗದೊಡನೆ ಏರುವವರು ಮಾತ್ರ ಬಾದಾಮಿಯನ್ನೇ ಆರಿಸಿಕೊಂಡರು.

ಏರುದಾರಿಗಳ ಕಾಠಿಣ್ಯವನ್ನು ಇಲ್ಲಿ ಫ್ರೆಂಚ್ ಶ್ರೇಣಿಯಲ್ಲಿ ಅಳೆಯುತ್ತಾರೆ. ಇದರಲ್ಲಿ ಅಂಕಿ ಹೆಚ್ಚಿದಂತೆ ಕಾಠಿಣ್ಯ ಹೆಚ್ಚುತ್ತದೆ. ಪ್ರತಿಯೊಂದು ಅಂಕಿಯನ್ನೂ ಎ, ಬಿ, ಸಿ ಎಂದು ಒಡೆದು, ನಡುವಿನ ಅಂತರವನ್ನು ಪ್ಲಸ್ ಗುರುತಿನಿಂದ ಸೂಚಿಸಲಾಗುತ್ತದೆ. ಬಾದಾಮಿಯ ಅತಿ ಪ್ರಸಿದ್ಧ ಏರುದಾರಿಯಾದ ಗಣೇಶದ ಶ್ರೇಣಿ 8ಬಿ+. ಬಹುಕಾಲ ದೇಶದ ಅತಿ ಕಠಿಣ ಏರುದಾರಿಗಳಲ್ಲಿ ಒಂದೆನಿಸಿದ್ದ ಇದನ್ನು ಏರಿದ ಭಾರತೀಯರಲ್ಲಿ ಪುಣೆಯ ತುಹಿನ್ ಸಾತಾರ್ಕರ್ ಒಬ್ಬರು. ಹೋಲಿಕೆಗೆ ಹೇಳುವುದಾದರೆ, ಚೆಕ್ ಆರೋಹಿ ಆಡಂ ಒಂದ್ರಾ 2017ರಲ್ಲಿ ನಾರ್ವೆಯಲ್ಲಿ ಏರಿದ ಸೈಲೆನ್ಸ್ ಎಂಬ ದಾರಿಗೆ 9ಸಿ ಶ್ರೇಣಿ ದೊರೆತಿದೆ.

ಏರುವ ಕ್ರಮ: ಆರೋಹಿ ಸೊಂಟ ಮತ್ತು ತೊಡೆಗಳಿಗೆ ಹಾರ್ನೆಸ್ ಎಂಬ ಪಟ್ಟಿಯನ್ನು ಬಿಗಿದು ಅದಕ್ಕೆ ಹಗ್ಗದ ತುದಿಯನ್ನು ಗಂಟು ಹಾಕಿಕೊಳ್ಳುತ್ತಾನೆ. ನೆಲದಲ್ಲಿ ನಿಂತ ಜೊತೆಗಾರ ಹಗ್ಗವನ್ನು ತಡೆಸಾಧನವೊಂದರ ಮೂಲಕ ಹಾಯಿಸಿ, ಆರೋಹಿ ಮೇಲೇರಿದಂತೆ ಸಡಿಲಿಸುತ್ತ, ಬಿದ್ದರೆ ಬಿಗಿದು ಹಿಡಿಯುತ್ತಾನೆ. ಇದಕ್ಕೆ ಬಿಲೇ ಎಂದು ಹೆಸರು. ಮೊದಲ ಆರೋಹಿ ಬೋಲ್ಟ್ ತಲುಪಿದಾಗ ಒಂದು ಕೈಯಿಂದ ಬಂಡೆಯ ಅಂಚನ್ನು ಹಿಡಿದು ತೂಗುತ್ತ, ಇನ್ನೊಂದು ಕೈಯಿಂದ ಸೊಂಟದಲ್ಲಿರುವ ಜೋಡಿ ಕೊಂಡಿಯ ಒಂದು ತುದಿಯನ್ನು ಬೋಲ್ಟಿಗೆ ಸಿಕ್ಕಿಸಿ, ಕೆಳಗಿನ ಹಗ್ಗವನ್ನು ಮೇಲೆಳೆದು ಮತ್ತೊಂದು ತುದಿಯೊಳಗೆ ಸೇರಿಸಬೇಕು. ಹೀಗೆ ಸೇರಿಸುವ ಮುನ್ನ ಕೈ ಜಾರಿದರೆ ಆತ ಹಿಂದಿನ ಬೋಲ್ಟಿಗಿಂತಲೂ ಕೆಳಗೆ, ಎಳೆದುಕೊಂಡ ಹಗ್ಗದ ಉದ್ದವೂ ಸೇರಿದಂತೆ, ಬೀಳುತ್ತಾನೆ. ಮುಂಚಾಚಿದ ಗೋಡೆಯಲ್ಲಿ ದೇಹದ ಭಾರ ಪಾದಗಳಿಗೆ ಇಳಿಯದೆ ಬೆರಳುಗಳಲ್ಲೇ ನಿಲ್ಲುವುದರಿಂದ ಮುಂಗೈಯ ಸ್ನಾಯುಗಳಿಗೆ ರಕ್ತದ ಹರಿವು ತಗ್ಗಿ, ಕೆಲವೇ ನಿಮಿಷಗಳಲ್ಲಿ ಕೈ ಸೆಟೆದು ಹಿಡಿತ ತಾನಾಗಿ ಬಿಟ್ಟುಹೋಗುತ್ತದೆ. ಅನುಭವಿ ಆರೋಹಿಗಳು ಶಕ್ತಿಗಿಂತ ಹೆಚ್ಚಾಗಿ ಪಾದಗಳನ್ನು ಇಡುವ ಜಾಣ್ಮೆಗೂ ಎಲ್ಲಿ ನಿಂತು ಕೈ ಕೊಡವಿಕೊಳ್ಳಬೇಕೆಂಬ ತಿಳಿವಿಗೂ ಬೆಲೆ ಕೊಡುವುದು ಇದರಿಂದಲೇ.

ಎತ್ತರದ ಶಿಖರಗಳ ಸವಾಲು ಬೇರೆ ಬಗೆಯದು. 8,848.86 ಮೀ. ಎತ್ತರದ ಎವರೆಸ್ಟಿನ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೆಯ ಒಂದರಷ್ಟಿರುವುದರಿಂದ ಒಂದೊಂದು ಹೆಜ್ಜೆಗೂ ಉಸಿರು ಸಾಲದಾಗುತ್ತದೆ. ಅಲ್ಲಿ ವಾರಗಟ್ಟಲೆಯ ಸೈರಣೆ ಮುಖ್ಯ, ಬಾದಾಮಿಯಲ್ಲಿ ಕೆಲವು ನಿಮಿಷಗಳ ಏಕಾಗ್ರತೆ ಮುಖ್ಯ. ಆದರೂ ಹಗ್ಗ, ಗಂಟು ಮತ್ತು ಜೊತೆಗಾರನ ಮೇಲಿನ ನಂಬಿಕೆಯ ಪಾಠ ಎರಡಕ್ಕೂ ಒಂದೇ. ಉತ್ತರ ಕರ್ನಾಟಕದವರು ಹಿಮಶಿಖರಗಳಿಂದಲೂ ದೂರ ಉಳಿದಿಲ್ಲ. ಹುಬ್ಬಳ್ಳಿಯ ನಂದಿತಾ ನಾಗನಗೌಡರ 2016ರಲ್ಲಿ ಎವರೆಸ್ಟ್ ಏರಿದರು. ಕೊಡಗಿನವರಾದ ಮಾಜಿ ಸೇನಾ ಮುಖ್ಯಸ್ಥ ಕೆ.ಎಸ್. ತಿಮ್ಮಯ್ಯನವರ ಹೆಸರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ರಾಜ್ಯದ ಯುವಜನರಿಗೆ ಶಿಲಾರೋಹಣದ ತರಬೇತಿ ನೀಡುತ್ತದೆ.

ಋತು ಮತ್ತು ಅಪಾಯ: ನವೆಂಬರಿನಿಂದ ಫೆಬ್ರವರಿವರೆಗೆ ಏರಲು ತಕ್ಕ ಕಾಲ. ಬೇಸಿಗೆಯಲ್ಲಿ ಬಂಡೆ ಕಾದು ಬೆವರಿದ ಕೈ ಜಾರುತ್ತದೆ. ಮಳೆಯಲ್ಲಿ ನೆನೆದ ಮರಳುಗಲ್ಲಿನ ಕಣಗಳ ಬಂಧ ಸಡಿಲವಾಗಿ ಹಿಡಿತಗಳು ಮುರಿಯುವುದರಿಂದ, ಒದ್ದೆ ಬಂಡೆಯನ್ನು ಏರಬಾರದೆಂಬುದು ಎಲ್ಲ ಮರಳುಗಲ್ಲಿನ ತಾಣಗಳಲ್ಲೂ ಪಾಲಿಸುವ ನಿಯಮ. ಬಂಡೆಯ ಚಾಚುಗಳ ಕೆಳಗೆ ಕಟ್ಟುವ ಹೆಜ್ಜೇನು ಇನ್ನೊಂದು ದೊಡ್ಡ ಅಪಾಯ. ಹಗ್ಗದಲ್ಲಿ ತೂಗುತ್ತಿರುವವನಿಗೆ ಕೆರಳಿದ ಹುಳುಗಳಿಂದ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ. ಗಾಯಾಳುಗಳಿಗೆ ಜಿಲ್ಲಾ ಮಟ್ಟದ ಆಸ್ಪತ್ರೆ ದೊರೆಯುವುದು ಬಾಗಲಕೋಟೆಯ ನವನಗರದಲ್ಲಿ.

ಸಂರಕ್ಷಣೆ: ಬಾದಾಮಿಯಲ್ಲಿ ಕ್ರೀಡೆಗೆ ಒದಗುವ ಶಿಲೆಯೇ ಸ್ಮಾರಕಗಳ ಶಿಲೆಯೂ ಆಗಿದೆ. ಪಟ್ಟಣದಿಂದ ಕೆಲವು ಕಿ.ಮೀ. ದೂರದ ಸಿಡಿಲಪಡಿಯಂಥ ಬಂಡೆಯಾಸರೆಗಳಲ್ಲಿ ಪ್ರಾಗೈತಿಹಾಸಿಕ ವರ್ಣಚಿತ್ರಗಳಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು ಅಪರಾಧ. 2010ರ ತಿದ್ದುಪಡಿ ಇದರ ಶಿಕ್ಷೆಯನ್ನು ಎರಡು ವರ್ಷದವರೆಗಿನ ಸೆರೆವಾಸಕ್ಕೆ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಏರಿಸಿತು, ಜೊತೆಗೆ ಸ್ಮಾರಕದ ಸುತ್ತಲಿನ 100 ಮೀ. ಪ್ರದೇಶವನ್ನು ನಿರ್ಮಾಣ ನಿಷೇಧಿತ ವಲಯವೆಂದೂ ಅದರಾಚೆಯ 200 ಮೀ. ಪ್ರದೇಶವನ್ನು ನಿಯಂತ್ರಿತ ವಲಯವೆಂದೂ ವಿಧಿಸಿತು. ಬೋಲ್ಟ್‌ಗಾಗಿ ಕೊರೆದ ರಂಧ್ರ ಮತ್ತೆ ಮುಚ್ಚುವಂಥದ್ದಲ್ಲ, ಕೈ ಜಾರದಂತೆ ಹಚ್ಚಿಕೊಳ್ಳುವ ಸೀಮೆಪುಡಿಯ ಬಿಳಿ ಗುರುತು ಕೆಂಪು ಬಂಡೆಯ ಮೇಲೆ ದೂರದಿಂದಲೂ ಕಾಣುತ್ತದೆ. ಶಾಸನ, ಚಿತ್ರ, ಕೋಟೆಗೋಡೆಗಳಿಲ್ಲದ ಬಂಡೆಗಳು ಬಾದಾಮಿಯ ಸುತ್ತ ಬೇಕಾದಷ್ಟಿವೆ. ಅವುಗಳಿಗೆ ಮಾತ್ರ ಸೀಮಿತವಾಗಿ ಬೆಳೆದರೆ ಈ ಕ್ರೀಡೆ ಬಾದಾಮಿಯ ಚರಿತ್ರೆಗೆ ಹೊರೆಯಾಗದೆ ಅದರ ಇನ್ನೊಂದು ಅಧ್ಯಾಯವಾಗಿ ಉಳಿಯಬಲ್ಲದು.