ಪಕ್ಷಕ್ಕೆ ರಾಜೀನಾಮೆ: ಹುಣಸೂರು ಸೀಮೆಯ ಎರಡು ಪ್ರಕರಣಗಳು

ಚುನಾವಣೆ ಹತ್ತಿರ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ ಕಡೆಯ ಊರುಗಳಲ್ಲಿ ಪಕ್ಷ ಸೇರ್ಪಡೆಯ ಸಮಾರಂಭಗಳು ಶುರುವಾಗುತ್ತವೆ. ಹತ್ತಿಪ್ಪತ್ತು ಜನರನ್ನು ಸಾಲಾಗಿ ನಿಲ್ಲಿಸಿ ಕೊರಳಿಗೆ ಶಾಲು ಹಾಕುತ್ತಾರೆ, ಕೈಗೆ ಬಾವುಟ ಕೊಡುತ್ತಾರೆ. ಆ ಸಾಲಿನಲ್ಲಿ ನಿಂತವನೊಬ್ಬ ಮುಂದೊಂದು ದಿನ ಈ ಪಕ್ಷ ನನಗೆ ಬೇಡ ಎಂದುಕೊಂಡರೆ ಏನು ಮಾಡಬೇಕು? ಯಾರಿಗೆ ಬರೆಯಬೇಕು? ಅವನು ಬಿಟ್ಟನೆಂದು ದಾಖಲೆ ಮಾಡುವವರು ಯಾರು? ಇದನ್ನು ಹೇಳಿಕೊಡುವ ಸಮಾರಂಭ ಯಾವ ಊರಲ್ಲೂ ನಡೆಯುವುದಿಲ್ಲ.

'ರಾಜೀನಾಮೆ' ಎಂಬ ಪದವೇ ಸ್ವಾರಸ್ಯಕರವಾದುದು. 'ರಾಜಿ' ಎಂದರೆ ಒಪ್ಪಿಗೆ, 'ನಾಮೆ' ಎಂದರೆ ಪತ್ರ. ಉರ್ದುವಿನಲ್ಲಿ ಈಗಲೂ ರಾಜೀನಾಮಾ ಎಂದರೆ ಇಬ್ಬರು ಒಪ್ಪಿ ಬರೆದುಕೊಂಡ ಪತ್ರ. ಹುದ್ದೆ ಬಿಡುವುದಕ್ಕೆ ಅಲ್ಲಿ 'ಇಸ್ತೀಫಾ' ಎನ್ನುತ್ತಾರೆ. ಹಿಂದೆ ಮುಂಬಯಿ ಪ್ರಾಂತದ ಕಂದಾಯ ಕಚೇರಿಗಳಲ್ಲಿ ರೈತ ಸ್ವಇಚ್ಛೆಯಿಂದ ಜಮೀನು ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದುದು ರಾಜೀನಾಮೆ, ಅದನ್ನು ವಹಿಸಿಕೊಳ್ಳುವವನು ಬರೆಯುತ್ತಿದ್ದುದು ಕಬೂಲಾಯತಿ. ಬಿಡುವವನ ಸ್ವಇಚ್ಛೆ ಆ ಪದದೊಳಗೇ ಇದೆ.

ಪಕ್ಷ ಬಿಟ್ಟವರ ಚರಿತ್ರೆಯಲ್ಲಿ ದೊಡ್ಡ ಹೆಸರು ಗಾಂಧೀಜಿಯವರದು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸಿಗೆ ಹೊಸ ನಿಯಮಾವಳಿ ಬಂದು, ನಾಲ್ಕಾಣೆ ಕೊಟ್ಟವರು ಸದಸ್ಯರಾಗಬಹುದೆಂದಾಯಿತು. ಆ ನಿಯಮಾವಳಿಯ ಹಿಂದಿದ್ದ ಗಾಂಧೀಜಿಯೇ 1934ರಲ್ಲಿ ಕಾರಣಗಳನ್ನು ಬಹಿರಂಗವಾಗಿ ಬರೆದು ತಿಳಿಸಿ, ಮುಂಬಯಿ ಅಧಿವೇಶನದ ವೇಳೆಗೆ ಪಕ್ಷದಿಂದ ಹೊರಬಂದರು. ಆಮೇಲೆ ಅವರು ಕಾಂಗ್ರೆಸ್ಸಿನ ನಾಲ್ಕಾಣೆ ಸದಸ್ಯರೂ ಆಗಿರಲಿಲ್ಲ. ಸಲಹೆ ಕೇಳಲು ಪಕ್ಷದವರು ಅವರ ಬಳಿಗೆ ಹೋಗುತ್ತಲೇ ಇದ್ದರು, ಆ ಮಾತು ಬೇರೆ.

ಇನ್ನು ನಮ್ಮ ಹುಣಸೂರಿಗೆ ಬರೋಣ. ಈ ತಾಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು 1952ರಿಂದಲೇ ಶಾಸಕರಾಗಿದ್ದವರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪ, ವೀರೇಂದ್ರ ಪಾಟೀಲರು ಒಂದು ಕಡೆ ನಿಂತರೆ ಅರಸು ಇಂದಿರಾ ಗಾಂಧಿಯವರ ಕಡೆ ನಿಂತರು. 1978ರ ಜನವರಿಯಲ್ಲಿ ಪಕ್ಷ ಮತ್ತೆ ಒಡೆದಾಗಲೂ ಅವರ ಜೊತೆಯಲ್ಲೇ ಇದ್ದರು. ಮುಂದಿನ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 149 ಸ್ಥಾನ ಬಂದವು. ಮುಖ್ಯಮಂತ್ರಿ ಪದವಿ, ಪಕ್ಷದ ರಾಜ್ಯಾಧ್ಯಕ್ಷ ಪದವಿ ಎರಡೂ ಒಬ್ಬರಲ್ಲೇ ಇರಬೇಕೇ ಎಂಬ ಜಗಳ ಬೆಳೆದು 1979ರ ಜೂನ್‌ನಲ್ಲಿ ಅರಸರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು.

ಮುಂದೆ ನಡೆದುದನ್ನು ಈಗಿನವರು ಗಮನಿಸಬೇಕು. ಉಚ್ಚಾಟನೆಯಾದರೂ ಅರಸರ ಕುರ್ಚಿ ಅಲುಗಲಿಲ್ಲ. ಹೆಚ್ಚಿನ ಶಾಸಕರು ಅವರ ಹಿಂದೆಯೇ ನಡೆದರು, ಅವರ ಕಾಂಗ್ರೆಸ್ಸೇ ಬೇರೆಯಾಯಿತು, ಸರಕಾರ ಮುಂದುವರಿಯಿತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿನ ಪಾಲಾದಾಗ ಅದೇ ಶಾಸಕರು ತಂಡ ತಂಡವಾಗಿ ಹಿಂದಿರುಗಿದರು. ಮತ್ತೊಂದು ವಿಧಾನಸಭಾ ಚುನಾವಣೆಯೇ ಇಲ್ಲದೆ ಜನವರಿ 12ರಂದು ಗುಂಡೂರಾವ್ ಮುಖ್ಯಮಂತ್ರಿಯಾದರು. ವರ್ಷದೊಳಗೆ ಎರಡು ಸಲ ಪಕ್ಷ ಬದಲಿಸಿದವರಲ್ಲಿ ಒಬ್ಬರ ಸ್ಥಾನಕ್ಕೂ ಅದರಿಂದ ಕುತ್ತು ಬರಲಿಲ್ಲ. ತಡೆಯುವ ಕಾನೂನೇ ಇರಲಿಲ್ಲ. ಅವರನ್ನು ಆರಿಸಿ ಕಳಿಸಿದ ಮತದಾರನನ್ನು ಕೇಳಿದವರೂ ಇರಲಿಲ್ಲ.

ಕಾನೂನು ಬಂದದ್ದು 1985ರಲ್ಲಿ, ಸಂವಿಧಾನದ 52ನೇ ತಿದ್ದುಪಡಿಯ ಮೂಲಕ. ಶಾಸಕನಾಗಲಿ ಸಂಸದನಾಗಲಿ ತನ್ನ ಪಕ್ಷದ ಸದಸ್ಯತ್ವವನ್ನು 'ಸ್ವಇಚ್ಛೆಯಿಂದ ಬಿಟ್ಟುಕೊಟ್ಟರೆ' ಅಥವಾ ವಿಪ್ ಮೀರಿ ಮತ ಹಾಕಿದರೆ ಸ್ಥಾನ ಕಳೆದುಕೊಳ್ಳಬೇಕೆಂದು ಹತ್ತನೇ ಅನುಸೂಚಿ ಹೇಳಿತು. ಪತ್ರ ಬರೆಯದಿದ್ದರೆ ಬಚಾವಾಗಬಹುದೇ? ಸಾಧ್ಯವಿಲ್ಲ ಎಂದು ಗೋವಾದ ರವಿ ನಾಯ್ಕ್ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಲಿಖಿತ ರಾಜೀನಾಮೆ ಇಲ್ಲದಿದ್ದರೂ ನಡವಳಿಕೆಯಿಂದಲೇ ಪಕ್ಷ ಬಿಟ್ಟದ್ದನ್ನು ತಿಳಿಯಬಹುದು. ಪಕ್ಷದ ಶಾಸಕರಲ್ಲಿ ಮೂರನೇ ಒಂದು ಭಾಗ ಒಟ್ಟಾಗಿ ಒಡೆದುಹೋದರೆ ತಪ್ಪಿಲ್ಲ ಎಂಬ ಸಂದನ್ನು 2003ರ 91ನೇ ತಿದ್ದುಪಡಿ ಮುಚ್ಚಿತು.

ಈ ಕಾನೂನಿನ ಬಿಸಿ ತಟ್ಟಿದ್ದು ಮತ್ತೆ ಹುಣಸೂರಿಗೇ. ಕೃಷ್ಣರಾಜನಗರದಿಂದ 1978, 1989 ಮತ್ತು 1999ರಲ್ಲಿ ಗೆದ್ದಿದ್ದ ಎಚ್. ವಿಶ್ವನಾಥ್ 2017ರಲ್ಲಿ ಕಾಂಗ್ರೆಸ್ಸಿಗೆ ರಾಜೀನಾಮೆ ಕೊಟ್ಟು ಜನತಾದಳ (ಜಾತ್ಯತೀತ) ಸೇರಿದರು. ಆಗ ಅವರು ಶಾಸಕರೂ ಅಲ್ಲ, ಸಂಸದರೂ ಅಲ್ಲ. ಪತ್ರ ಕೊಟ್ಟರು, ಹೋದರು, ಅಷ್ಟೇ. 2018ರಲ್ಲಿ ಹುಣಸೂರಿನಿಂದ ಗೆದ್ದು ಪಕ್ಷದ ರಾಜ್ಯಾಧ್ಯಕ್ಷರೂ ಆದರು. 2019ರ ಜುಲೈ 6ರಂದು ಇತರರೊಡನೆ ಶಾಸಕ ಸ್ಥಾನಕ್ಕೆ ರಾಜೀನಾಮೆ ಸಲ್ಲಿಸಿದರು. ಇದು ಸದನಕ್ಕೆ ಕೊಟ್ಟ ರಾಜೀನಾಮೆಯೇ ಹೊರತು ಪಕ್ಷಕ್ಕಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ಹಲವರ ಪತ್ರಗಳು ನಿಗದಿತ ನಮೂನೆಯಲ್ಲಿಲ್ಲವೆಂದರು ಸ್ಪೀಕರ್ ರಮೇಶ್ ಕುಮಾರ್. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಶಾಸಕರು ಮುಂಬಯಿಯಿಂದ ವಿಮಾನದಲ್ಲಿ ಬಂದು, ಸ್ಪೀಕರ್ ಕೊಠಡಿಗೆ ಓಡೋಡಿ ಹೋಗಿ ಮತ್ತೆ ಪತ್ರ ಕೊಟ್ಟ ದೃಶ್ಯವನ್ನು ನಾಡೇ ಟಿವಿಯಲ್ಲಿ ನೋಡಿತು. ಜುಲೈ 23ರಂದು ಸಮ್ಮಿಶ್ರ ಸರಕಾರ ಬಿತ್ತು. 28ರಂದು ವಿಶ್ವನಾಥ್ ಅನರ್ಹರಾದರು.

ಆ ವರ್ಷ ನವೆಂಬರ್ 13ರಂದು ಸುಪ್ರೀಂ ಕೋರ್ಟ್ 17 ಮಂದಿಯ ಅನರ್ಹತೆಯನ್ನು ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದಕ್ಕೆ ಮೊದಲು ನಡೆದುಕೊಂಡ ರೀತಿಯ ಪರಿಣಾಮ ಅಳಿಸಿಹೋಗುವುದಿಲ್ಲ ಎಂಬುದು ತೀರ್ಪಿನ ಸಾರ. ಡಿಸೆಂಬರ್ 5ರಂದು ಹುಣಸೂರಿನ ಮತದಾರರು ತಮ್ಮ ಅಭಿಪ್ರಾಯ ಹೇಳಿದರು: ಬಿಜೆಪಿಯಿಂದ ನಿಂತಿದ್ದ ವಿಶ್ವನಾಥ್ ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ ಎದುರು ಸುಮಾರು 39 ಸಾವಿರ ಮತಗಳಿಂದ ಸೋತರು. 2020ರಲ್ಲಿ ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಲಾಯಿತು. ಆದರೆ ಹಾಗೆ ನಾಮಕರಣಗೊಂಡವರು ಆ ವಿಧಾನಸಭೆಯ ಅವಧಿಯಲ್ಲಿ ಮಂತ್ರಿಯಾಗುವಂತಿಲ್ಲವೆಂದು ಹೈಕೋರ್ಟ್ ಆ ನವೆಂಬರ್‌ನಲ್ಲಿ ಹೇಳಿತು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒಪ್ಪಿತು. 1979ರ ಹುಣಸೂರಿಗೂ 2019ರ ಹುಣಸೂರಿಗೂ ನಲವತ್ತೇ ವರ್ಷದ ಅಂತರ.

ಹಾಗಾದರೆ ಶಾಲು ಹಾಕಿಸಿಕೊಂಡ ಆ ಸಾಮಾನ್ಯನ ಪಾಡೇನು? ಇಷ್ಟೆಲ್ಲ ಬೆಳೆದ ಕಾನೂನು ಅವನ ಕಡೆ ನೋಡಿಯೇ ಇಲ್ಲ. 1989ರಲ್ಲಿ ಜಾರಿಗೆ ಬಂದ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನಂತೆ ಪಕ್ಷ ನೋಂದಾಯಿಸುವವರು ಸದಸ್ಯರ ಸಂಖ್ಯೆ ತಿಳಿಸಬೇಕು. ಎಲ್ಲರ ಹೆಸರುಪಟ್ಟಿಯನ್ನು ಕಾಯ್ದೆ ಕೇಳುವುದಿಲ್ಲ. ಸದಸ್ಯರ ಪುಸ್ತಕ ಇರುವುದು ಪಕ್ಷದ ಬಳಿ ಮಾತ್ರ. 2014ರ ಕೊನೆಯಲ್ಲಿ ಬಿಜೆಪಿ ಮಿಸ್ಡ್ ಕಾಲ್ ಮೂಲಕ, 2021ರಲ್ಲಿ ಕಾಂಗ್ರೆಸ್ ಆ್ಯಪ್ ಮೂಲಕ ಸದಸ್ಯರನ್ನು ಮಾಡಿಕೊಳ್ಳತೊಡಗಿದವು. ಸೇರುವುದು ಇಷ್ಟು ಸಲೀಸಾದರೆ, ಮನೆಯಲ್ಲಿ ಒಂದೇ ಫೋನ್ ಇರುವ ಕಡೆ ಯಾರು ಯಾವ ಪಕ್ಷದ ಸದಸ್ಯರೆಂದು ಅವರಿಗೇ ಗೊತ್ತಿರಬೇಕೆಂದೇನೂ ಇಲ್ಲ.

ಇದರಿಂದ ನಷ್ಟವೇನೆಂದು ಕೇಳಬಹುದು. ಸರಕಾರಿ ನೌಕರ ಯಾವ ಪಕ್ಷದ ಸದಸ್ಯನೂ ಆಗಿರಕೂಡದು ಎಂಬುದು ರಾಜ್ಯದ ನಡತೆ ನಿಯಮ. ಕೆಲಸ ಸಿಕ್ಕ ಹುಡುಗನ ಹೆಸರು ಪಕ್ಷದ ಪುಸ್ತಕದಲ್ಲಿ ಉಳಿದಿದ್ದರೆ ವಿವರಣೆ ಕೊಡಬೇಕಾದವನು ಅವನೇ. ಹೊಸ ಪಕ್ಷ ಕಟ್ಟುವವರಿಂದ ಚುನಾವಣಾ ಆಯೋಗ ಕನಿಷ್ಠ 100 ಸದಸ್ಯರ ಅಫಿಡವಿಟ್ ಕೇಳುತ್ತದೆ. ತಾನು ಬೇರೆ ಪಕ್ಷದ ಸದಸ್ಯನಲ್ಲವೆಂದು ಪ್ರತಿಯೊಬ್ಬನೂ ಪ್ರಮಾಣ ಮಾಡಬೇಕು. ಪಕ್ಷದ ಟಿಕೆಟಿನಿಂದ ಗೆದ್ದ ಪುರಸಭೆ, ತಾಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರ ಕಥೆ ಬೇರೆ. ಅವರಿಗೆ 1987ರ ರಾಜ್ಯ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸುತ್ತದೆ, ಪಕ್ಷ ಬಿಟ್ಟರೆ ಸ್ಥಾನಕ್ಕೇ ಸಂಚಕಾರ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲವಾದ್ದರಿಂದ ಅಲ್ಲಿ ಈ ತೊಡಕಿಲ್ಲ.

ಸಾಮಾನ್ಯ ಸದಸ್ಯನಿಗೆ ದಾರಿ ಸರಳವಾಗಿದೆ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಯಾರನ್ನೂ ಬಲವಂತವಾಗಿ ಸಂಘದಲ್ಲಿ ಇರಿಸಿಕೊಳ್ಳಬಾರದೆಂದು 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆ ಹೇಳಿದೆ. ಮೊದಲು ಪಕ್ಷದ ನಿಯಮಾವಳಿ ಏನು ಹೇಳುತ್ತದೆಂದು ನೋಡುವುದು ಒಳ್ಳೆಯದು. ಹೆಸರು, ವಿಳಾಸ, ಸದಸ್ಯತ್ವ ಸಂಖ್ಯೆ ಇದ್ದರೆ ಅದು, ಜೊತೆಗೆ 'ಪ್ರಾಥಮಿಕ ಸದಸ್ಯತ್ವಕ್ಕೂ ಎಲ್ಲ ಹುದ್ದೆಗಳಿಗೂ ಈ ದಿನದಿಂದ ರಾಜೀನಾಮೆ ನೀಡಿದ್ದೇನೆ' ಎಂಬ ಒಂದು ವಾಕ್ಯ ಮತ್ತು ಸಹಿ ಸಾಕು. ಕಾರಣ ಬರೆಯುವುದು ಬಿಡುವುದು ಅವರವರ ಇಷ್ಟ. ತಾಲೂಕು ಅಧ್ಯಕ್ಷರಿಗೆ ಒಂದು ಪ್ರತಿ, ಜಿಲ್ಲಾ ಮತ್ತು ರಾಜ್ಯ ಕಚೇರಿಗೆ ಒಂದೊಂದು. ಹುದ್ದೆ ಬಿಟ್ಟು ಸದಸ್ಯತ್ವ ಉಳಿಸಿಕೊಳ್ಳುವವರೂ ಇರುವುದರಿಂದ ಎರಡನ್ನೂ ಹೆಸರಿಸುವುದು ಮುಖ್ಯ. ಉತ್ತರ ಬಾರದಿದ್ದರೂ, ಅಂಚೆಯ ಸ್ವೀಕೃತಿ ಚೀಟಿಯನ್ನು ಪತ್ರದ ನಕಲಿಗೆ ಲಗತ್ತಿಸಿ ಪಡಿತರ ಚೀಟಿ, ಪಹಣಿಗಳ ಜೊತೆ ಪೆಟ್ಟಿಗೆಯಲ್ಲಿಟ್ಟುಕೊಳ್ಳಬೇಕು.